ಏಳನೇ ವಾರದ ಗರ್ಭ: ಮಾತ್ರೆಯೇ, ಸಕ್ಷನ್ನೇ?

ಪ್ರಶ್ನೆ: ನನಗೆ 31 ವರ್ಷ. ಎರಡು ವರ್ಷದ ಮಗುವಿದೆ, ಸಿಸೇರಿಯನ್ ಆಗಿತ್ತು. ಈಗ ಮತ್ತೆ ಗರ್ಭ ನಿಂತಿದೆ, ಮುಟ್ಟು ತಪ್ಪಿ ಮೂರು ವಾರವಾಯಿತು. ಮುಂದುವರಿಸುವುದು ಬೇಡ ಎಂದು ಯೋಚಿಸಿಯೇ ತೀರ್ಮಾನಿಸಿದ್ದೇನೆ. ಒಬ್ಬರು ಮಾತ್ರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು, ಮಾತ್ರೆ ನುಂಗಿದರೂ ಕೊನೆಗೆ ಡಿ ಅಂಡ್ ಸಿ (ಗರ್ಭಕೋಶ ಕೆರೆದು ಸ್ವಚ್ಛ ಮಾಡುವುದು) ಮಾಡಿಸಲೇಬೇಕು, ಅದರ ಬದಲು ಮೊದಲೇ ಕ್ಲೀನ್ ಮಾಡಿಸಿಬಿಡು ಎನ್ನುತ್ತಾರೆ. ಎರಡರಲ್ಲೂ ಏನೇನು ನಡೆಯುತ್ತದೆ? ಪೂರ್ತಿಯಾಯಿತು ಎಂದು ತಿಳಿಯುವುದು ಹೇಗೆ? ಮುಂದೆ ಮಗು ಬೇಕೆನಿಸಿದರೆ ತೊಂದರೆಯಾದೀತೆ? ಮಗು ಇನ್ನೂ ರಾತ್ರಿ ಹಾಲು ಕುಡಿಯುತ್ತದೆ.

ಉತ್ತರ: ಮುಟ್ಟು 28 ದಿನಕ್ಕೊಮ್ಮೆ ಸರಿಯಾಗಿ ಬರುತ್ತಿದ್ದರೆ ನಿಮ್ಮದು ಈಗ ಏಳು ವಾರದ ಗರ್ಭ, ಮೂರು ವಾರದ್ದಲ್ಲ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಇದು ತಿಳಿಯದೆ "ಮೂರು ವಾರ ಅಷ್ಟೆ" ಎಂದು ಹೇಳಿ ಮಾತ್ರೆ ಪಡೆದು, ನಿಜದಲ್ಲಿ ಮಿತಿ ದಾಟಿದ ಗರ್ಭಕ್ಕೆ ಕಡಿಮೆ ಪ್ರಮಾಣ ನುಂಗುವವರಿದ್ದಾರೆ. ಹಾಲೂಡಿಸುವವರಲ್ಲಿ ಮುಟ್ಟು ಏರುಪೇರಾಗುವುದು ಸಹಜ. ಆದ್ದರಿಂದ ನಿಮ್ಮ ಲೆಕ್ಕವನ್ನು ಸ್ಕ್ಯಾನ್ ಜೊತೆ ತಾಳೆ ನೋಡಬೇಕು. ಮೊದಲ ಮೂರು ತಿಂಗಳಲ್ಲಿ ಭ್ರೂಣದ ಉದ್ದ ಅಳೆದು ಹೇಳುವ ವಾರ ಹೆಚ್ಚೆಂದರೆ ಐದರಿಂದ ಏಳು ದಿನ ಆಚೀಚೆಯಾದೀತು.

ಏಳನೇ ವಾರದಲ್ಲಿ ಮಾತ್ರೆ ಮತ್ತು ಸಕ್ಷನ್ (ಕೊಳವೆಯಿಂದ ಗರ್ಭವನ್ನು ಹೀರಿ ತೆಗೆಯುವುದು) ಎರಡೂ ದಾರಿ ತೆರೆದಿವೆ, ಎರಡೂ ಸುರಕ್ಷಿತ. ಮಾತ್ರೆ ನುಂಗಿದ ಮೇಲೂ ಡಿ ಅಂಡ್ ಸಿ ತಪ್ಪುವುದಿಲ್ಲ ಎಂಬ ಮಾತು ಸುಳ್ಳು. ಈ ಹಂತದಲ್ಲಿ ಸರಿಯಾದ ಪ್ರಮಾಣದಲ್ಲಿ ಎರಡೂ ಮಾತ್ರೆ ತೆಗೆದುಕೊಂಡ ನೂರು ಮಂದಿಯಲ್ಲಿ ಸುಮಾರು 95ರಿಂದ 98 ಮಂದಿಗೆ ಬೇರೇನೂ ಬೇಕಾಗುವುದಿಲ್ಲ. ಆದರೆ ಮಾತ್ರೆಯೋ ಸಕ್ಷನ್ನೋ ಎಂದು ಆರಿಸುವ ಮೊದಲು ಇನ್ನೊಂದು ವಿಷಯ ಖಚಿತವಾಗಬೇಕು: ಗರ್ಭ ಎಲ್ಲಿ ಕೂತಿದೆ?

ನೂರರಲ್ಲಿ ಒಂದೆರಡು ಗರ್ಭ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ, ಬೆಳೆಯುತ್ತವೆ. ಟ್ಯೂಬಿನ ಗರ್ಭ ಎನ್ನುವುದು ಇದನ್ನೇ. ಗರ್ಭಪಾತದ ಮಾತ್ರೆ ಅದನ್ನು ತೆಗೆಯುವುದಿಲ್ಲ, ಸಕ್ಷನ್ನಿಗೂ ಅದು ಸಿಗುವುದಿಲ್ಲ. ಮೋಸವೆಂದರೆ, ಮಾತ್ರೆ ನುಂಗಿದಾಗ ಗರ್ಭಕೋಶದ ಒಳಪದರ ಕಳಚಿ ಸ್ವಲ್ಪ ರಕ್ತ ಹೋಗುತ್ತದೆ, ಹೆಂಗಸು "ಆಯಿತು" ಎಂದುಕೊಳ್ಳುತ್ತಾಳೆ, ಅತ್ತ ನಾಳದಲ್ಲಿ ಗರ್ಭ ಬೆಳೆಯುತ್ತಲೇ ಇರುತ್ತದೆ. ನಾಳ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೆ ಸೋರುತ್ತದೆ, ಹೊರಗೆ ಕಾಣುವುದು ಕಲೆಯಷ್ಟೆ. ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಇದರ ಲಕ್ಷಣ. ಇವುಗಳಲ್ಲಿ ಯಾವುದು ಕಂಡರೂ, ಮಾತ್ರೆಗೆ ಮೊದಲಾಗಲಿ ನಂತರವಾಗಲಿ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಇದೆ. ಸಿಸೇರಿಯನ್ ಆದವರಲ್ಲಿ ಅಪರೂಪಕ್ಕೆ ಗರ್ಭ ಹಳೆಯ ಹೊಲಿಗೆಯ ಗಾಯದ ಗುರುತಿನಲ್ಲೇ ನಾಟಿಕೊಳ್ಳುತ್ತದೆ. ಅಲ್ಲಿ ಗೋಡೆ ತೆಳು, ರಕ್ತನಾಳಗಳು ಹೆಚ್ಚು. ಅದು ತಿಳಿಯದೆ ಮಾತ್ರೆ ಕೊಟ್ಟರೂ, ಸಕ್ಷನ್ ಮಾಡಿದರೂ ನಿಲ್ಲದ ರಕ್ತಸ್ರಾವವಾಗಬಹುದು. ಮುಟ್ಟು ಕ್ರಮಬದ್ಧವಾಗಿದ್ದು, ತೊಂದರೆಯ ಲಕ್ಷಣವಿಲ್ಲದ ಎಲ್ಲರಿಗೂ ಸ್ಕ್ಯಾನ್ ಕಡ್ಡಾಯವಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಆದರೂ ಹಿಂದೆ ಸಿಸೇರಿಯನ್ ಆದ ನಿಮ್ಮಂಥವರು ಯೋನಿಯ ಮೂಲಕ ಮಾಡುವ ಸ್ಕ್ಯಾನನ್ನು ಬಿಡಬಾರದು ಎನ್ನುವುದೇ ನನ್ನ ಸಲಹೆ. ಗರ್ಭಚೀಲ ಗರ್ಭಕೋಶದ ಮೇಲ್ಭಾಗದಲ್ಲಿದೆಯೇ, ಕೆಳಗೆ ಗಾಯದ ಹತ್ತಿರವಿದೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಸರಿಯಾದ ಜಾಗದಲ್ಲಿದ್ದರೆ, ಹಿಂದಿನ ಸಿಸೇರಿಯನ್ ಏಳನೇ ವಾರದ ಮಾತ್ರೆಗಾಗಲಿ ಸಕ್ಷನ್ನಿಗಾಗಲಿ ಅಡ್ಡಿಯಲ್ಲ.

ಇದರ ಜೊತೆ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು ನೋಡುತ್ತಾರೆ. ರಕ್ತ ತೀರಾ ಕಡಿಮೆಯಿದ್ದವರಿಗೆ ಮಾತ್ರೆಗಿಂತ ಸಕ್ಷನ್ ಒಳ್ಳೆಯದು, ಏಕೆಂದರೆ ಅದರಲ್ಲಿ ಹೋಗುವ ರಕ್ತ ಕಡಿಮೆ. ನೆಗೆಟಿವ್ ಗುಂಪಿನವರಿಗೆ 12 ವಾರದೊಳಗೆ ಆ್ಯಂಟಿ-ಡಿ ಚುಚ್ಚುಮದ್ದು (ಮುಂದಿನ ಮಗುವಿನ ರಕ್ತಕ್ಕೆ ತಾಯಿಯ ದೇಹ ವಿರೋಧ ಬೆಳೆಸದಂತೆ ತಡೆಯುವುದು) ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ. ಕೊಡುವ ಪದ್ಧತಿ ಇನ್ನೂ ಕೆಲವೆಡೆ ಉಳಿದಿದೆ, ಕೊಟ್ಟರೆ ಹಾನಿಯಿಲ್ಲ. ಎಷ್ಟು ವಾರದವರೆಗೆ, ಎಲ್ಲಿ, ಯಾರ ಕೈಯಲ್ಲಿ ಎಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. ಅದನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಿ.

ಈಗ ಮಾತ್ರೆಯ ವಿಷಯ. ಮಾತ್ರೆ ಎಂದರೂ ಅದು ಎರಡು ಬೇರೆ ಬೇರೆ ಔಷಧ, ಅವುಗಳ ನಡುವಿನ ಅಂತರವೂ ಚಿಕಿತ್ಸೆಯ ಭಾಗವೇ. ಮೊದಲನೆಯದು ಮಿಫೆಪ್ರಿಸ್ಟೋನ್, 200 ಮಿಲಿಗ್ರಾಮಿನ ಒಂದೇ ಮಾತ್ರೆ, ನೀರಿನ ಜೊತೆ ನುಂಗುವುದು. ಗರ್ಭ ನಿಲ್ಲಲು ಆಧಾರವಾದ ಪ್ರೊಜೆಸ್ಟರಾನ್ ಹಾರ್ಮೋನು ಕೂರಬೇಕಾದ ಜಾಗವನ್ನು ಇದು ಆಕ್ರಮಿಸಿ, ಹಾರ್ಮೋನು ಇದ್ದೂ ಇಲ್ಲದಂತೆ ಮಾಡುತ್ತದೆ. ಗರ್ಭಕೋಶದ ಒಳಪದರ ಸಡಿಲವಾಗುತ್ತದೆ, ಬಾಯಿ ಮೆತ್ತಗಾಗುತ್ತದೆ, ಸ್ನಾಯು ಮುಂದಿನ ಔಷಧಕ್ಕೆ ಬೇಗ ಸ್ಪಂದಿಸುವಂತಾಗುತ್ತದೆ. ಇಷ್ಟೆಲ್ಲ ಆಗಲು ಒಂದು ದಿನವಾದರೂ ಬೇಕು. ಆಗಷ್ಟೇ ಎರಡನೆಯದರ ಸರದಿ: ಮಿಸೋಪ್ರೋಸ್ಟಾಲ್, ಮೊದಲು ಹೊಟ್ಟೆಯ ಹುಣ್ಣಿಗೆಂದು ಬಂದ ಔಷಧ. ಇದು ಗರ್ಭಕೋಶವನ್ನು ಹಿಂಡಿ ಒಳಗಿರುವುದನ್ನು ಹೊರಹಾಕುತ್ತದೆ.

ಮಿಫೆಪ್ರಿಸ್ಟೋನ್ ನುಂಗಿದ 24ರಿಂದ 48 ಗಂಟೆಯ ನಡುವೆ ಮಿಸೋಪ್ರೋಸ್ಟಾಲ್ 800 ಮೈಕ್ರೋಗ್ರಾಂ, ಅಂದರೆ 200ರ ನಾಲ್ಕು ಮಾತ್ರೆ. ಇದನ್ನು ನುಂಗಬಾರದು. ನುಂಗಿದರೆ ಯಕೃತ್ತಿನಲ್ಲಿ ಬೇಗ ಕರಗಿಹೋಗುತ್ತದೆ, ಪರಿಣಾಮ ಕಡಿಮೆ. ನಾಲ್ಕನ್ನೂ ನಾಲಿಗೆಯ ಕೆಳಗೆ ಇಡಬಹುದು, ಅಥವಾ ಕೆನ್ನೆ ಮತ್ತು ವಸಡಿನ ನಡುವೆ ಒಂದೊಂದು ಬದಿಗೆ ಎರಡರಂತೆ ಇಡಬಹುದು. ಅರ್ಧ ಗಂಟೆ ಹಾಗೇ ಇಟ್ಟುಕೊಂಡು ಉಗುಳು ನುಂಗುತ್ತಿರಿ, ಕೊನೆಗೆ ಉಳಿದ ಪುಡಿಯನ್ನು ನೀರು ಕುಡಿದು ನುಂಗಿ. ಯೋನಿಯಲ್ಲಿ ಆಳಕ್ಕೆ ಇಟ್ಟು ಅರ್ಧ ಗಂಟೆ ಮಲಗಿರುವುದು ಮೂರನೆಯ ದಾರಿ. ನಾಲಿಗೆಯ ಕೆಳಗಿಟ್ಟರೆ ಬೇಗ ಕೆಲಸ ಮಾಡುತ್ತದೆ, ಚಳಿ, ಜ್ವರ, ವಾಂತಿ, ಭೇದಿಯೂ ಸ್ವಲ್ಪ ಹೆಚ್ಚು. ಯೋನಿಯಲ್ಲಿಟ್ಟರೆ ಅವು ಕಡಿಮೆ.

ಎಡವುವುದು ಎಲ್ಲಿ ಎಂದರೆ, ಮೊದಲ ಮಾತ್ರೆಗೇ ಸ್ವಲ್ಪ ರಕ್ತ ಕಂಡಿತೆಂದು ಎರಡನೆಯದನ್ನು ಬಿಟ್ಟುಬಿಡುವುದು. ಮಿಫೆಪ್ರಿಸ್ಟೋನ್ ಒಂದೇ ಸಾಲದು, ರಕ್ತ ಬಂದಿರಲಿ ಬಿಡಲಿ ಎರಡನೆಯದನ್ನು ತೆಗೆದುಕೊಳ್ಳಲೇಬೇಕು. ಬೇಗ ಮುಗಿಯಲಿ ಎಂದು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ಇನ್ನೊಂದು ತಪ್ಪು. ಮಿಫೆಪ್ರಿಸ್ಟೋನ್ ನುಂಗಿದ ಒಂದು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ಬೇಕಾಗುತ್ತದೆ, ಫೋನ್ ಮಾಡಿ ಕೇಳಿ. ಮಿಸೋಪ್ರೋಸ್ಟಾಲ್ ಬಾಯಲ್ಲಿ ಅರ್ಧ ಗಂಟೆ ಇದ್ದ ಮೇಲೆ ವಾಂತಿಯಾದರೆ ಚಿಂತೆಯಿಲ್ಲ, ಬೇಕಾದಷ್ಟು ರಕ್ತಕ್ಕೆ ಸೇರಿರುತ್ತದೆ. ಮಿಸೋಪ್ರೋಸ್ಟಾಲಿಗೆ ತೇವವೂ ಬಿಸಿಯೂ ಆಗುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಪಟ್ಟಿಯಿಂದ ಬಿಡಿಸಿಟ್ಟ, ಪಟ್ಟಿ ತೂತಾದ, ಬಿಡಿಬಿಡಿಯಾಗಿ ಕೊಟ್ಟ ಮಾತ್ರೆ ಬೇಡ. ಮುಟ್ಟು ಬರಿಸಲೆಂದು ಕೊಡುವ ಹಾರ್ಮೋನ್ ಮಾತ್ರೆಗಳಾಗಲಿ, ಸಂಭೋಗದ ನಂತರದ ತುರ್ತು ಮಾತ್ರೆಯಾಗಲಿ ನಿಂತ ಗರ್ಭವನ್ನು ತೆಗೆಯುವುದಿಲ್ಲ. ಅವುಗಳನ್ನು ನುಂಗಿ ಕಾಯುವುದರಲ್ಲಿ ವಾರಗಳು ಕಳೆದುಹೋಗುತ್ತವೆ.

ಮಿಸೋಪ್ರೋಸ್ಟಾಲಿನ ದಿನ ನಿಮ್ಮದೆಂದು ಇಟ್ಟುಕೊಳ್ಳಿ. ಶೌಚಾಲಯ ಹತ್ತಿರವಿರಲಿ, ದೊಡ್ಡ ಪ್ಯಾಡ್‌ಗಳು ಸಾಕಷ್ಟಿರಲಿ, ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರಿರಲಿ, ಬೇಕೆನಿಸಿದರೆ ಬೇಗ ಆಸ್ಪತ್ರೆ ತಲುಪುವಂತಿರಲಿ. ಮಾತ್ರೆ ಇಟ್ಟ ಒಂದರಿಂದ ನಾಲ್ಕು ಗಂಟೆಯಲ್ಲಿ ಹೊಟ್ಟೆ ಹಿಂಡತೊಡಗುತ್ತದೆ, ಹಿಂದೆಯೇ ರಕ್ತ. ಇದು ಮುಟ್ಟಿನ ನೋವಿಗಿಂತ ಹೆಚ್ಚು, ಕೆಲವರಿಗೆ ಬಹಳ ಹೆಚ್ಚು. "ಮುಟ್ಟಿನ ಹಾಗೇ" ಎಂದು ಹೇಳಿ ಕಳಿಸುವುದು ಸರಿಯಲ್ಲ. ನೋವಿಗೆ ಐಬುಪ್ರೊಫೇನ್ 400ರಿಂದ 600 ಮಿಲಿಗ್ರಾಂ, ಏನಾದರೂ ತಿಂದು, ಮಿಸೋಪ್ರೋಸ್ಟಾಲ್ ಜೊತೆಗೋ ನೋವು ಶುರುವಾಗುತ್ತಿದ್ದಂತೆಯೋ ತೆಗೆದುಕೊಳ್ಳಬಹುದು, ಆರೆಂಟು ಗಂಟೆಗೊಮ್ಮೆ ಮತ್ತೆ. ಅದು ಗರ್ಭಪಾತದ ಮಾತ್ರೆಯ ಕೆಲಸ ಕೆಡಿಸುತ್ತದೆ ಎಂಬ ಭಯ ಬೇಡ, ಕೆಡಿಸುವುದಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಆ ಮಾತ್ರೆಯ ಅಲರ್ಜಿ ಇದ್ದವರಿಗೆ ಮಾತ್ರ ಅದು ಆಗದು. ಪ್ಯಾರಸಿಟಮಾಲ್ ಒಂದರಿಂದಲೇ ಈ ನೋವು ಅಷ್ಟಾಗಿ ಇಳಿಯುವುದಿಲ್ಲ. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟುಕೊಂಡರೆ ಹಿತ.

ರಕ್ತ ಹೆಪ್ಪುಗಟ್ಟಿ ಬೀಳುತ್ತದೆ, ಎರಡರಿಂದ ನಾಲ್ಕು ಗಂಟೆ ಜೋರಾಗಿರುತ್ತದೆ, ಗರ್ಭ ಬಿದ್ದ ಮೇಲೆ ನೋವೂ ರಕ್ತವೂ ಸ್ಪಷ್ಟವಾಗಿ ಇಳಿಯುತ್ತವೆ. ಏಳನೇ ವಾರದಲ್ಲಿ ಭ್ರೂಣದ ಉದ್ದ ಸುಮಾರು ಒಂದು ಸೆಂಟಿಮೀಟರ್. ಹೆಪ್ಪುಗಳ ನಡುವೆ ಅದು ಬೇರೆಯಾಗಿ ಕಾಣುವುದು ಕಡಿಮೆ, ಬೆಳ್ಳನೆಯ ಪೊರೆಯ ಚೂರು ಕಾಣಬಹುದು. ಹುಡುಕಿ ನೋಡಬೇಕಾದ ಅಗತ್ಯವಿಲ್ಲ. ಚಳಿ, ನಡುಕ, ಜ್ವರ ಮಾತ್ರೆಯದೇ ಪರಿಣಾಮ, ಅದೇ ದಿನ ಇಳಿಯುತ್ತದೆ. ಆಮೇಲೆ ಹತ್ತು ಹದಿನೈದು ದಿನ ಮುಟ್ಟಿನಂತೆ, ಬರುಬರುತ್ತ ಕಡಿಮೆಯಾಗುತ್ತ, ಕೆಲವರಿಗೆ ಒಂದು ತಿಂಗಳವರೆಗೆ ಬಿಟ್ಟು ಬಿಟ್ಟು ಕಲೆ ಕಾಣುತ್ತದೆ.

ಯಾವುದು ಅತಿ, ಯಾವುದು ಸಹಜ ಎಂಬುದಕ್ಕೆ ಅಳತೆಯಿದೆ. ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಂತೆ ಸತತ ಎರಡು ಗಂಟೆ ಹೋದರೆ, ಅಥವಾ ತಲೆಸುತ್ತಿ ಬೀಳುವಂತಾದರೆ, ಕೂಡಲೇ ಆಸ್ಪತ್ರೆಗೆ ಹೊರಡಿ. ಇಷ್ಟು ರಕ್ತಸ್ರಾವವಾಗಿ ಬೇರೆಯವರ ರಕ್ತ ಕೊಡಬೇಕಾಗುವುದು ಸಾವಿರಕ್ಕೆ ಒಬ್ಬರ ಆಸುಪಾಸು. ಮಿಸೋಪ್ರೋಸ್ಟಾಲ್ ತೆಗೆದುಕೊಂಡು 24 ಗಂಟೆ ದಾಟಿದ ಮೇಲೂ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಇದ್ದರೆ, ಅಥವಾ ಇಳಿದ ಜ್ವರ ಮತ್ತೆ ಏರಿದರೆ, ವಾಸನೆಯ ಸ್ರಾವ ಬಂದರೆ ಸೋಂಕು ಎಂದು ತಿಳಿಯಬೇಕು. ಜ್ವರವೇ ಇಲ್ಲದೆ, ಮಾರನೆಯ ದಿನವೋ ಆಮೇಲೋ, ವಿಪರೀತ ಸುಸ್ತು, ವಾಂತಿ, ಭೇದಿ, ಎದೆ ಡವಗುಟ್ಟುವುದು ಕಂಡರೂ ತಡಮಾಡಬಾರದು. ಬಹಳ ಅಪರೂಪದ, ಆದರೆ ಕೊಲ್ಲುವ ಸೋಂಕೊಂದು ಹೀಗೆ ಬರುತ್ತದೆ. ಇನ್ನು, ಮಿಸೋಪ್ರೋಸ್ಟಾಲ್ ಆಗಿ 24 ಗಂಟೆ ಕಳೆದರೂ ರಕ್ತವೇ ಬಾರದಿದ್ದರೆ ಎರಡೇ ಅರ್ಥ: ಮಾತ್ರೆ ಕೆಲಸ ಮಾಡಿಲ್ಲ, ಇಲ್ಲವೇ ಗರ್ಭ ಬೇರೆಲ್ಲೋ ಇದೆ. ನೀವು ರಕ್ತ ಹೆಚ್ಚಾಯಿತೆಂದು ಹೆದರುತ್ತೀರಿ. ವೈದ್ಯರಿಗೆ ರಕ್ತವೇ ಬಾರದಿದ್ದರೂ ಅಷ್ಟೇ ಆತಂಕ.

ಮಾತ್ರೆ ಯಾರಿಗೆ ಆಗದು? ಕಾಪರ್-ಟಿ ಒಳಗಿದ್ದರೆ ಮೊದಲು ಅದನ್ನು ತೆಗೆಯಬೇಕು. ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತವರು, ಬಹುಕಾಲದಿಂದ ಸ್ಟೀರಾಯ್ಡ್ ನುಂಗುತ್ತಿರುವವರು, ಪೋರ್ಫೀರಿಯಾ ಎಂಬ ವಂಶಪಾರಂಪರ್ಯ ಕಾಯಿಲೆಯವರು ಇದನ್ನು ತೆಗೆದುಕೊಳ್ಳಬಾರದು. ಹಾಲೂಡಿಸುವವರು ತೆಗೆದುಕೊಳ್ಳಬಹುದು. ಎರಡೂ ಔಷಧ ಹಾಲಿಗೆ ಸೇರುವುದು ಅತ್ಯಲ್ಪ, ನಿಮ್ಮ ಎರಡು ವರ್ಷದ ಮಗುವಿಗೆ ಹಾಲು ಬಿಡಿಸಬೇಕಾಗಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪೂರ್ತಿಯಾಯಿತೆಂದು ತಿಳಿಯುವ ವಿಷಯದಲ್ಲೇ ಬೇಡದ ಡಿ ಅಂಡ್ ಸಿಗಳು ನಡೆಯುವುದು. ಮೂತ್ರ ಪರೀಕ್ಷೆಯನ್ನು ಒಂದು ವಾರಕ್ಕೇ ಮಾಡಿದರೆ ಎರಡು ಗೆರೆ ಬಂದೇ ಬರುತ್ತದೆ, ಏಕೆಂದರೆ ಗರ್ಭದ ಹಾರ್ಮೋನು ರಕ್ತದಿಂದ ಇಳಿಯಲು ವಾರಗಳು ಬೇಕು. ಆ ಎರಡು ಗೆರೆ ಕಂಡು ಮತ್ತೆ ಮಾತ್ರೆ ನುಂಗುವವರಿದ್ದಾರೆ. ಮನೆಯಲ್ಲಿ ಮಾಡುವ ಸಾಮಾನ್ಯ ಪರೀಕ್ಷೆಗೆ ನಾಲ್ಕೈದು ವಾರ ಕಾಯಬೇಕು. ಬೇಗ ತಿಳಿಯಬೇಕಾದರೆ ರಕ್ತದಲ್ಲಿ ಆ ಹಾರ್ಮೋನನ್ನು ಎರಡು ಸಲ ಅಳೆಯುತ್ತಾರೆ, ಮಾತ್ರೆಗೆ ಮೊದಲು ಒಮ್ಮೆ, ವಾರದ ನಂತರ ಒಮ್ಮೆ. ನೂರಕ್ಕೆ 80 ಭಾಗವಾದರೂ ಇಳಿದಿದ್ದರೆ ಆಯಿತು.

ಒಂದೆರಡು ವಾರಕ್ಕೆ ಸ್ಕ್ಯಾನ್ ಮಾಡಿದರೆ ನೋಡಬೇಕಾದದ್ದು ಒಂದೇ: ಮೊದಲು ಕಂಡಿದ್ದ ಗರ್ಭಚೀಲ ಈಗ ಇದೆಯೇ, ಇಲ್ಲವೇ. ಚೀಲ ಹೋಗಿದ್ದರೆ ಗರ್ಭ ಮುಗಿದಿದೆ. ಆದರೆ ವರದಿಯಲ್ಲಿ ಒಳಪದರ ಹದಿನೈದು ಮಿಲಿಮೀಟರ್ ದಪ್ಪ, ಒಳಗೆ ಹೆಪ್ಪು ಇದೆ, ಚೂರು ಉಳಿದಿರಬಹುದು ಎಂದು ಬರೆದಿರುತ್ತದೆ. ಅದನ್ನು ಓದಿದವರು ಕ್ಲೀನ್ ಮಾಡಿಸಲು ಓಡುತ್ತಾರೆ. ಮಾತ್ರೆಯ ನಂತರ ಒಂದೆರಡು ವಾರ ಒಳಗೆ ಹೆಪ್ಪು, ಪೊರೆ, ದಪ್ಪ ಪದರ ಇರುವುದು ಸಹಜ, ಮುಂದಿನ ಮುಟ್ಟಿನೊಳಗೆ ತಾನಾಗಿ ಹೋಗುತ್ತದೆ. ಪದರದ ದಪ್ಪ ಒಂದನ್ನೇ ನೋಡಿ ಸಕ್ಷನ್ ಮಾಡುವುದು ತಪ್ಪು. ರಕ್ತ ಹೆಚ್ಚಿದೆಯೇ, ನೋವಿದೆಯೇ, ಜ್ವರವಿದೆಯೇ ಎಂಬುದೇ ಮುಖ್ಯ. ಇವಿಲ್ಲದಿದ್ದರೆ ಕಾಯಬಹುದು, ಅಥವಾ ಇನ್ನೊಮ್ಮೆ ಮಿಸೋಪ್ರೋಸ್ಟಾಲ್ ಕೊಡಬಹುದು. ನಿಮಗೆ "ಡಿ ಅಂಡ್ ಸಿ ಮಾಡಿಸಲೇಬೇಕು" ಎಂದವರ ಮಾತಿಗೆ ಬೇರು ಇಂಥ ವರದಿಗಳಲ್ಲೇ ಇರಬೇಕು.

ಚೀಲ ಇನ್ನೂ ಇದ್ದು, ಹೃದಯಬಡಿತವೂ ಕಂಡರೆ ಅದು ಬೇರೆ ಮಾತು. ಈ ವಾರದಲ್ಲಿ ನೂರಕ್ಕೆ ಒಂದು, ಅದಕ್ಕಿಂತ ಕಡಿಮೆ, ಹೀಗಾಗುತ್ತದೆ. ಆಗ "ಹೋಗಲಿ, ಮುಂದುವರಿಸೋಣ" ಎಂಬ ಯೋಚನೆ ಬಂದರೆ ಒಂದು ವಿಷಯ ತಿಳಿದಿರಬೇಕು: ಮಿಸೋಪ್ರೋಸ್ಟಾಲಿಗೆ ಒಡ್ಡಿಕೊಂಡ ಭ್ರೂಣದಲ್ಲಿ ಕೈಕಾಲಿನ ಊನ, ಮುಖದ ನರಗಳ ದೌರ್ಬಲ್ಯ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಪ್ರಮಾಣ ಸಣ್ಣದೇ, ಆದರೆ ಇಲ್ಲವೆನ್ನುವಂತಿಲ್ಲ. ಅದಕ್ಕೇ ಮಾತ್ರೆ ಆರಿಸುವವರಿಗೆ, ಅದು ಸೋತರೆ ಸಕ್ಷನ್ನಿಗೆ ಸಿದ್ಧರಿರಬೇಕು ಎಂದು ಮೊದಲೇ ಹೇಳುತ್ತಾರೆ.

ಇನ್ನು ಸಕ್ಷನ್. ನಿಮ್ಮ ಸುತ್ತ ಎಲ್ಲರೂ ಡಿ ಅಂಡ್ ಸಿ ಎನ್ನುತ್ತಾರಾದರೂ ನೀವು ಕೇಳಬೇಕಾದದ್ದು ಯಾವ ಉಪಕರಣ ಬಳಸುತ್ತೀರಿ ಎಂದು. ಲೋಹದ ಹರಿತ ಕ್ಯೂರೆಟ್ಟಿನಿಂದ ಗೋಡೆ ಕೆರೆಯುವ ಹಳೆಯ ವಿಧಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದರಲ್ಲಿ ರಕ್ತ ಹೆಚ್ಚು, ನೋವು ಹೆಚ್ಚು, ಸಮಯ ಹೆಚ್ಚು. ಜೋರಾಗಿ ಕೆರೆದರೆ ಒಳಪದರದ ಬುಡಕ್ಕೇ ಪೆಟ್ಟಾಗಿ, ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಆಮೇಲೆ ಮುಟ್ಟು ತೀರಾ ಕಡಿಮೆಯಾಗುವುದು, ಗರ್ಭ ನಿಲ್ಲದಿರುವುದು ಇದರಿಂದಲೇ. ಇಂದು ಬಳಸಬೇಕಾದದ್ದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಮತ್ತು ನಿರ್ವಾತ. ನಿರ್ವಾತಕ್ಕೆ ವಿದ್ಯುತ್ ಪಂಪು ಇರಬಹುದು, ಅಥವಾ 60 ಮಿಲಿಲೀಟರಿನ ದೊಡ್ಡ ಕೈ ಸಿರಿಂಜು. ಏಳನೇ ವಾರಕ್ಕೆ ಎರಡೂ ಒಂದೇ.

ಮೊದಲು ಮೂತ್ರ ಮಾಡಿ ಬರಲು ಹೇಳುತ್ತಾರೆ. ಒಂದು ಕೈಯ ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲಿಟ್ಟು ಗರ್ಭಕೋಶದ ಗಾತ್ರ ಮತ್ತು ಅದು ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಎಂದು ನೋಡುತ್ತಾರೆ. ಈ ಪರೀಕ್ಷೆ ಬಿಟ್ಟರೆ ಕೊಳವೆ ತಪ್ಪು ದಿಕ್ಕಿಗೆ ಹೋಗಿ ಗೋಡೆ ತೂತಾಗುವ ಅಪಾಯವಿದೆ. ಸೋಂಕು ತಡೆಯಲು ಶುರುವಿಗೆ ಮೊದಲೇ ಆ್ಯಂಟಿಬಯೋಟಿಕ್, ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ, ಒಂದೇ ಸಲ. ಸಕ್ಷನ್ನಿಗೆ ಇದು ಬೇಕು, ಮಾತ್ರೆಯಿಂದ ಆಗುವ ಗರ್ಭಪಾತಕ್ಕೆ ಎಲ್ಲರಿಗೂ ಬೇಕಿಲ್ಲ. ಆಮೇಲೆ ಗರ್ಭಕೋಶದ ಬಾಯಿಯ ಸುತ್ತ ಲಿಗ್ನೊಕೇನ್ ಚುಚ್ಚುತ್ತಾರೆ, ಸಾಮಾನ್ಯವಾಗಿ ಶೇಕಡಾ 1ರ ದ್ರಾವಣ 20 ಮಿಲಿಲೀಟರಿನಷ್ಟು. ಅದರ ಜೊತೆ ನೋವಿನ ಮಾತ್ರೆ ಇದ್ದರೆ ಈ ವಾರಗಳಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಕಿಲ್ಲ, ತಪ್ಪಿಸಿದರೆ ಅರಿವಳಿಕೆಯ ಅಪಾಯಗಳೂ ಸೇರಿಕೊಳ್ಳುತ್ತವೆ. ತೀರಾ ಭಯವಿರುವವರಿಗೆ ಮಂಪರಿನ ಔಷಧ ಕೇಳುವ ಹಕ್ಕಿದೆ.

ಬಾಯಿಯನ್ನು ಸ್ವಲ್ಪ ಸ್ವಲ್ಪವಾಗಿ ಅಗಲಿಸಿ ಕೊಳವೆ ತೂರಿಸುತ್ತಾರೆ. ಕೊಳವೆಗಳು 4ರಿಂದ 12 ಮಿಲಿಮೀಟರ್‌ವರೆಗೆ ಬರುತ್ತವೆ, ವಾರ ಎಷ್ಟೋ ಸುಮಾರು ಅಷ್ಟೇ ಮಿಲಿಮೀಟರಿನದು ಆರಿಸುವುದು ರೂಢಿ. ಚಿಕ್ಕದಾದರೆ ಕಟ್ಟಿಕೊಳ್ಳುತ್ತದೆ, ಚೂರು ಉಳಿಯುತ್ತದೆ. ಸಿರಿಂಜಿನಲ್ಲಿ ಮೊದಲೇ ನಿರ್ವಾತ ತುಂಬಿ, ಕೊಳವೆಗೆ ಜೋಡಿಸಿ, ಕವಾಟ ಬಿಡುತ್ತಾರೆ. ಕೊಳವೆಯನ್ನು ಸುತ್ತಿಸುತ್ತ, ಹಿಂದೆ ಮುಂದೆ ಆಡಿಸುತ್ತ ಹೀರುತ್ತಾರೆ. ನಡುವೆ ನಿರ್ವಾತ ಹೋದರೆ ಸಿರಿಂಜು ತುಂಬಿದೆ, ಕೊಳವೆ ಕಟ್ಟಿಕೊಂಡಿದೆ, ಅಥವಾ ಬಾಯಿಯಿಂದ ಹೊರಗೆ ಜಾರಿದೆ ಎಂದರ್ಥ. ಆಗ ಸಿರಿಂಜನ್ನು ಬಿಡಿಸಿ ಸರಿಪಡಿಸಬೇಕು. ಕೊಳವೆ ಒಳಗಿರುವಾಗ ಪಿಸ್ಟನ್ನನ್ನು ಮುಂದಕ್ಕೆ ತಳ್ಳಲೇಬಾರದು, ಗಾಳಿ ರಕ್ತನಾಳಕ್ಕೆ ನುಗ್ಗಬಹುದು. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಕೊನೆಗೆ ನೋವು ಹೆಚ್ಚಾಗುತ್ತದೆ, ಏಕೆಂದರೆ ಖಾಲಿಯಾದ ಗರ್ಭಕೋಶ ಕೊಳವೆಯನ್ನು ಬಿಗಿಹಿಡಿಯುತ್ತದೆ. ಕೈಗೆ ಗೋಡೆ ಮರಳುಮರಳಾಗಿ ತಾಗುತ್ತದೆ, ಕೊಳವೆಯಲ್ಲಿ ಚೂರು ಬರುವುದು ನಿಂತು ಕೆಂಪು ನೊರೆ ಮಾತ್ರ ಬರುತ್ತದೆ. ಮಾಡುವವರಿಗೆ ಮುಗಿಯಿತೆಂಬ ಗುರುತು ಇವೇ.

ಅಷ್ಟಕ್ಕೇ ನಿಲ್ಲಬಾರದು. ತೆಗೆದದ್ದನ್ನು ಜರಡಿಯಲ್ಲಿ ತೊಳೆದು, ಪಾರದರ್ಶಕ ತಟ್ಟೆಯ ನೀರಿನಲ್ಲಿ ತೇಲಿಸಿ, ಕೆಳಗಿನಿಂದ ಬೆಳಕು ಬಿಟ್ಟು ನೋಡಬೇಕು. ಮಾಸಿನ ಎಳೆಗಳು ಬೆಳ್ಳಗೆ, ಪುಕ್ಕದಂತೆ ಹರಡಿ ತೇಲುತ್ತವೆ. ಅವು ಕಾಣದಿದ್ದರೆ ಗರ್ಭ ಒಳಗೇ ಉಳಿದಿರಬಹುದು, ಇಲ್ಲವೇ ಟ್ಯೂಬಿನಲ್ಲಿರಬಹುದು. ತಟ್ಟೆಯ ಮೇಲೆ ಒಂದು ನಿಮಿಷ ಕಣ್ಣಾಡಿಸುವ ಈ ಕೆಲಸವೇ ಸಕ್ಷನ್ನಿನ ದೊಡ್ಡ ಅನುಕೂಲ: ಪೂರ್ತಿಯಾಯಿತೆಂದು ಅಲ್ಲೇ, ಆಗಲೇ ಗೊತ್ತಾಗುತ್ತದೆ. ನೂರರಲ್ಲಿ ಸುಮಾರು 99 ಮಂದಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ಒಂದೆರಡು ಗಂಟೆ ಮಲಗಿಸಿ ಮನೆಗೆ ಕಳಿಸುತ್ತಾರೆ.

ಕೆಡುವುದು ಏನು? ಚೂರು ಉಳಿಯಬಹುದು, ಸೋಂಕಾಗಬಹುದು, ಎರಡೂ ನೂರಕ್ಕೆ ಒಂದರ ಸುತ್ತಮುತ್ತ. ಗೋಡೆ ತೂತಾಗುವುದು ಸಾವಿರಕ್ಕೆ ಒಂದರ ಆಸುಪಾಸು. ಕೊಳವೆ ನಿರೀಕ್ಷೆಗಿಂತ ಆಳಕ್ಕೆ ಹೋದರೆ ಕೂಡಲೇ ನಿಲ್ಲಿಸಿ ಗಮನಿಸುತ್ತಾರೆ, ಹೆಚ್ಚಿನವು ತಾವೇ ಮಾಯುತ್ತವೆ. ಹೆಚ್ಚು ಜನರಿಗೆ ಗೊತ್ತಿಲ್ಲದ ತೊಡಕು ಇನ್ನೊಂದಿದೆ: ಬಾಯಿ ಮುಚ್ಚಿಕೊಂಡು ರಕ್ತ ಗರ್ಭಕೋಶದೊಳಗೇ ತುಂಬಿಕೊಳ್ಳುವುದು. ಮುಗಿದ ಕೆಲವೇ ಗಂಟೆಯಲ್ಲಿ ಹೊಟ್ಟೆನೋವು ಏರುತ್ತ ಹೋಗುತ್ತದೆ, ಹೊರಗೆ ರಕ್ತ ಮಾತ್ರ ಕಾಣುವುದಿಲ್ಲ. ಮತ್ತೊಮ್ಮೆ ಹೀರಿದರೆ ಕೂಡಲೇ ಸರಿಹೋಗುತ್ತದೆ.

ಹಾಗಾದರೆ ನಿಮಗೆ ಯಾವುದು? ಸ್ಕ್ಯಾನ್ ಸರಿಯಿದ್ದು, ಹಿಮೋಗ್ಲೋಬಿನ್ ಚೆನ್ನಾಗಿದ್ದು, ಮನೆಯಲ್ಲಿ ಒಂದು ದಿನ ಮಗುವನ್ನು ನೋಡಿಕೊಳ್ಳುವವರಿದ್ದರೆ ಮಾತ್ರೆ ಒಳ್ಳೆಯ ಆಯ್ಕೆ; ಒಳಗೆ ಉಪಕರಣ ಹೋಗುವುದಿಲ್ಲ, ನಿಮ್ಮ ಸಮಯಕ್ಕೆ ನಡೆಯುತ್ತದೆ. ಎರಡು ವಾರ ಒಸರುವ ರಕ್ತ, ಮುಗಿಯಿತೋ ಇಲ್ಲವೋ ಎಂಬ ಕಾಯುವಿಕೆ ಸಹಿಸಲಾಗದು ಎನಿಸಿದರೆ, ರಕ್ತಹೀನತೆ ಇದ್ದರೆ, ಆಸ್ಪತ್ರೆ ದೂರವಿದ್ದರೆ, ಮನೆಯಲ್ಲಿ ಏಕಾಂತವೇ ಇಲ್ಲದಿದ್ದರೆ ಸಕ್ಷನ್ ಮೇಲು. ವೈದ್ಯರು ಒಂದನ್ನೇ ಒತ್ತಾಯಿಸಿದರೆ ಕಾರಣ ಕೇಳಿ. ವಾರ ಮುಂದೆ ಹೋದಂತೆ ಮಾತ್ರೆ ಸ್ವಲ್ಪ ಸ್ವಲ್ಪ ಸೋಲುತ್ತ ಬರುತ್ತದೆ, ಹತ್ತನೇ ವಾರದ ಹೊತ್ತಿಗೆ ಎರಡನೇ ಸುತ್ತಿನ ಮಿಸೋಪ್ರೋಸ್ಟಾಲ್ ಬೇಕಾಗುವುದು ಸಾಮಾನ್ಯ. ಅದಕ್ಕೇ ಈ ವಾರವೇ ನಿರ್ಧರಿಸುವುದು ಒಳ್ಳೆಯದು.

ಹನ್ನೆರಡು ವಾರ ದಾಟಿದವರ ಚಿಕಿತ್ಸೆ ಬೇರೆ, ಅದು ಆಸ್ಪತ್ರೆಯಲ್ಲೇ ಆಗಬೇಕು. ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಕೊಟ್ಟು, ಒಂದೆರಡು ದಿನದ ಮೇಲೆ ಮಿಸೋಪ್ರೋಸ್ಟಾಲ್ 400 ಮೈಕ್ರೋಗ್ರಾಂ ಮೂರು ಗಂಟೆಗೊಮ್ಮೆ ಕೊಡುತ್ತ ಹೋಗುತ್ತಾರೆ. ಗರ್ಭ ಬೆಳೆದಷ್ಟೂ ಗರ್ಭಕೋಶ ಈ ಔಷಧಕ್ಕೆ ಹೆಚ್ಚು ಸ್ಪಂದಿಸುವುದರಿಂದ ಆರು ತಿಂಗಳ ಹತ್ತಿರ ಪ್ರಮಾಣ ಇಳಿಸುತ್ತಾರೆ; ಸಿಸೇರಿಯನ್ ಗಾಯ ಬಿಡುವ ಅಪಾಯ ನಿಜವಾಗಿ ಬರುವುದು ಅಲ್ಲಿ. ಇನ್ನೊಂದು ದಾರಿ, ಗರ್ಭಕೋಶದ ಬಾಯಿಯಲ್ಲಿ ನೀರು ಹೀರಿ ಉಬ್ಬುವ ಕಡ್ಡಿಗಳನ್ನಿಟ್ಟು ಅದನ್ನು ಅಗಲಿಸಿ, ಇಕ್ಕಳ ಮತ್ತು ಸಕ್ಷನ್ ಬಳಸಿ ತೆಗೆಯುವುದು. ಅದರಲ್ಲಿ ತರಬೇತಾದ ಕೈಯೇ ಬೇಕು. ಮನೆಯಲ್ಲಿ ಕಡ್ಡಿ, ಬೇರು ತೂರಿಸುವುದು, ಹೊಟ್ಟೆ ತಿಕ್ಕಿಸುವುದು, ಕಷಾಯ ಕುಡಿಯುವುದು ಯಾವ ವಾರದಲ್ಲೂ ಚಿಕಿತ್ಸೆಯಲ್ಲ. ಅಂಥದ್ದು ಮಾಡಿಕೊಂಡಿದ್ದರೆ ವೈದ್ಯರಿಂದ ಮುಚ್ಚಿಡಬಾರದು, ಸೋಂಕಿನ ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ.

ಮುಂದಿನ ಮಗುವಿನ ವಿಷಯ: ತೊಡಕಿಲ್ಲದೆ ಮುಗಿದ ಮಾತ್ರೆಯಾಗಲಿ, ಸಕ್ಷನ್ನಾಗಲಿ ಮುಂದೆ ಗರ್ಭ ನಿಲ್ಲುವುದಕ್ಕೆ ಅಡ್ಡಿ ಮಾಡುವುದಿಲ್ಲ. ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ಹಾನಿಯಾಗುವುದು ಚಿಕಿತ್ಸೆ ಪಡೆಯದ ಸೋಂಕಿನಿಂದ ಮತ್ತು ನಾನು ಮೇಲೆ ಹೇಳಿದ ಜೋರಿನ ಕೆರೆತದಿಂದ.

ಮುಟ್ಟು ನಾಲ್ಕರಿಂದ ಎಂಟು ವಾರದಲ್ಲಿ ಬರುತ್ತದೆ. ಆದರೆ ಅಂಡಾಣು ಎಂಟು ಹತ್ತು ದಿನಕ್ಕೇ ಬಿಡುಗಡೆಯಾಗಬಹುದು, ಮುಟ್ಟು ಬರಲಿ ಎಂದು ಕಾಯುವಷ್ಟರಲ್ಲಿ ಮತ್ತೆ ಗರ್ಭ ನಿಂತಿರುತ್ತದೆ. ಸಕ್ಷನ್ ಆದರೆ ಅದೇ ಮೇಜಿನ ಮೇಲೆ ಕಾಪರ್-ಟಿ ಹಾಕಿಸಿಕೊಳ್ಳಬಹುದು, ಸೋಂಕಿನ ಅನುಮಾನವಿದ್ದರೆ ಮಾತ್ರ ಬೇಡ. ಮಾತ್ರೆಯಾದರೆ ಗರ್ಭ ಹೋಗಿದೆ ಎಂದು ಖಚಿತವಾದ ಭೇಟಿಯಲ್ಲೇ ಹಾಕಬಹುದು. ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಮಿಸೋಪ್ರೋಸ್ಟಾಲಿನ ಮಾರನೆಯ ದಿನವೇ ಶುರುಮಾಡಬಹುದು. ತೋಳಿನಲ್ಲಿ ಇಡುವ ಕಡ್ಡಿಯನ್ನು ಮಿಫೆಪ್ರಿಸ್ಟೋನ್ ದಿನವೇ ಹಾಕಿಸಿಕೊಳ್ಳಬಹುದು. ಮೂರು ತಿಂಗಳ ಚುಚ್ಚುಮದ್ದನ್ನು ಅದೇ ದಿನ ಕೊಟ್ಟರೆ ಗರ್ಭಪಾತ ಸೋಲುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ಹಾಗಾಗಿ ಮತ್ತೆ ಬಂದು ತೋರಿಸುವವರಾದರೆ ಅದನ್ನು ಮುಂದಿನ ಭೇಟಿಗೆ ಇಟ್ಟುಕೊಳ್ಳಿ.